ಕೊನೆಯ ಬೋಗಿಯ ಮಾಮ

ನಮ್ಮ ಮಾಮ ಯಾವ ಊರನ್ನೂ ಬರುವಾಗ ನೋಡಿದವನಲ್ಲ. ನೋಡಿದ್ದೆಲ್ಲ ಹೋಗುವಾಗಲೇ. ನೀವು ನಾವು ಬಳ್ಳಾರಿಯಿಂದ ಹೊಸಪೇಟೆಗೆ ಹೊರಟಾಗ ಕುಡತಿನಿ ಬಂತೆಂದು ಹೇಗೆ ತಿಳಿಯುತ್ತೇವೆ? ದೂರದಲ್ಲಿ ಥರ್ಮಲ್ ವಿದ್ಯುತ್ ಸ್ಥಾವರದ ಚಿಮಣಿ ಸಣ್ಣದಾಗಿ ಕಾಣುತ್ತದೆ, ಹತ್ತಿರವಾದಂತೆ ದೊಡ್ಡದಾಗುತ್ತದೆ. ಮಾಮನಿಗೆ ಹಾಗಲ್ಲ. ಇದ್ದಕ್ಕಿದ್ದಂತೆ ಭಾರೀ ಚಿಮಣಿಯೊಂದು ಪಕ್ಕದಲ್ಲಿ ಎದ್ದು ನಿಲ್ಲುತ್ತದೆ, ಆಮೇಲೆ ಸಣ್ಣದಾಗುತ್ತಾ ಹೋಗುತ್ತದೆ. ಅದು ಪೂರ್ತಿ ಸಣ್ಣದಾದ ಮೇಲೆ ಅವನು "ಕುಡತಿನಿ ಆತು" ಎನ್ನುತ್ತಾನೆ. ಅವನ ಬಾಯಲ್ಲಿ ಯಾವ ಊರೂ ಬರುವುದಿಲ್ಲ, ಎಲ್ಲ ಆಗಿಹೋಗುತ್ತವೆ.

ಕಾರಣ ಇಷ್ಟೇ. ಬಸ್ಸು, ಆಟೋ, ಟ್ರ್ಯಾಕ್ಟರ್, ಎತ್ತಿನ ಬಂಡಿ, ಯಾವುದೇ ಇರಲಿ, ನಮ್ಮ ಮಾಮ ಹಿಂದಕ್ಕೆ ಮುಖ ಮಾಡಿಯೇ ಕೂರುತ್ತಾನೆ. ಒಮ್ಮೆ ನಮ್ಮ ಯಜಮಾನರ ಸ್ಕೂಟರ್ ಮೇಲೂ ಹಾಗೆಯೇ ಕೂತು ಗಾಂಧಿನಗರದ ಬೀದಿಯಲ್ಲಿ ಹೋದ. ಬೆನ್ನಿಗೆ ಬೆನ್ನು ಕೊಟ್ಟು ಕೂತ ಇಬ್ಬರನ್ನು ನೋಡಿದ ಪಕ್ಕದ ಮನೆಯಾಕೆ, ಇಬ್ಬರಿಗೂ ಜಗಳವೇನೋ ಎಂದು ನನ್ನನ್ನು ಕೇಳಿದರು.

ಈ ಚಟ ಹುಟ್ಟಿನಿಂದ ಬಂದದ್ದಲ್ಲ, ನೌಕರಿಯಿಂದ ಬಂದದ್ದು. ಮಾಮ ರೈಲ್ವೆಯಲ್ಲಿದ್ದ. ರೈಲ್ವೆ ಎಂದ ಕೂಡಲೇ ಡ್ರೈವರ್, ಗಾರ್ಡ್, ಹೋಗಲಿ ಟಿಕೆಟ್ ಕಲೆಕ್ಟರ್ ಎಂದೆಲ್ಲ ಊಹಿಸಿಕೊಂಡು ಕೈ ಮುಗಿಯಬೇಡಿ. ಹಳಿ, ಸುರಂಗ ತಪಾಸಣೆ ಮಾಡುವ ಸಾಹೇಬರುಗಳ ಬೋಗಿಯಲ್ಲಿ ಅವನು ಅಡುಗೆಯವನು. ಆ ಬೋಗಿಯಾದರೂ ಎಂಥದ್ದು? ಜನರನ್ನು ಹೊತ್ತು ಹೊತ್ತು ಸೊಂಟ ಬಿದ್ದ ಹಳೆಯ ಪ್ಯಾಸೆಂಜರ್ ಬೋಗಿ. ಇನ್ನು ಇದರಲ್ಲಿ ಟಿಕೆಟ್ ಕೊಂಡವರನ್ನು ಕೂರಿಸುವುದು ಬೇಡ ಎಂದು ತೀರ್ಮಾನವಾದ ಮೇಲೆ ಅದರ ಸೀಟು ಕಿತ್ತು, ಒಳಗೆ ಮಂಚ, ಮೇಜು ಹಾಕಿ, ಮೂಲೆಯಲ್ಲೊಂದು ಒಲೆ ಇಟ್ಟು, ಹಿಂದಿನ ಗೋಡೆ ಕೊಯ್ದು ಅಗಲವಾದ ಗಾಜು ಕೂರಿಸಿದ್ದರು. ರೈಲಿನ ಕಟ್ಟಕಡೆಗೆ ಅದನ್ನು ಜೋಡಿಸುವುದು. ಸಾಹೇಬರು ಗಾಜಿನ ಮುಂದೆ ಕುರ್ಚಿ ಹಾಕಿಕೊಂಡು, ಹಿಂದೆ ಸರಿಯುವ ಹಳಿಯನ್ನೇ ನೋಡುತ್ತ ಕೂರುವುದು. ಬೋಗಿ ಎಲ್ಲಾದರೂ ಧಡಕ್ ಎಂದಿತೋ, ಅಲ್ಲಿ ಹಳಿಯಲ್ಲಿ ಏನೋ ಐಬಿದೆ ಎಂದು ಅರ್ಥ. ಕೂಡಲೇ ಒಂದು ಸುಣ್ಣದ ಪೊಟ್ಟಣವನ್ನು ಹೊರಗೆ ಒಗೆಯುವುದು. ಆಮೇಲೆ ಗ್ಯಾಂಗಿನವರು ಬಂದು ಬಿಳಿ ಕಲೆ ಬಿದ್ದಲ್ಲಿ ಜಲ್ಲಿ ಕುಟ್ಟಿ ಹಳಿ ಸರಿ ಮಾಡುತ್ತಾರೆ.

ಇದರಲ್ಲಿ ಮಾಮನ ಪಾತ್ರವೇನು ಎಂದಿರಾ? ಚಹಾ ಕೊಡುವುದು. ಆದರೆ ಅವನ ಬಾಯಲ್ಲಿ ಕೇಳಿದರೆ ಕಥೆಯೇ ಬೇರೆ.

"ನಾ ಕಪ್ಪು ತುಂಬ ಚಹಾ ಹಾಕಿ ಕಿಟಕಿ ಹತ್ರ ಇಡ್ತಿದ್ದೆ. ಚಹಾ ಚೆಲ್ಲಿದ್ರ ಸಾಹೇಬ್ರು ಸುಣ್ಣ ಒಗಿ ಅಂತಿದ್ರು. ಚೆಲ್ಲಲಿಲ್ಲಂದ್ರ ಹಳಿ ಪಾಸು. ಈಗ ಹೇಳು, ಹಳಿ ಪಾಸು ಮಾಡ್ತಿದ್ದಾವ ಯಾರು?"

"ಚಹಾ," ಎಂದೆ ನಾನು.

"ಚಹಾ ಮಾಡ್ತಿದ್ದಾವ ಯಾರು?" ಎಂದ. ಇಂಥವನ ಜೊತೆ ಏನು ವಾದ ಮಾಡುತ್ತೀರಿ?

ನಮ್ಮ ಕಡೆ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವ ರೂಢಿ ಇದೆ. ನಾನು ತೊಟ್ಟಿಲಲ್ಲಿದ್ದಾಗಲೇ ಮಾಮನಿಗೆ ಬೇರೆ ಕಡೆ ಮದುವೆಯಾಗಿತ್ತು. ಇಲ್ಲದಿದ್ದರೆ ಇಷ್ಟು ಹೊತ್ತಿಗೆ ನಾನೂ ಸ್ಕೂಟರಿನ ಹಿಂದೆ ಅವನ ಬೆನ್ನಿಗೆ ಬೆನ್ನು ಕೊಟ್ಟು ಓಡಾಡಬೇಕಿತ್ತು. ನನ್ನ ತವರು ಕುರುಗೋಡಿನ ದೇವರು ದೊಡ್ಡ ಬಸಪ್ಪ ನನ್ನ ಕೈ ಬಿಡಲಿಲ್ಲ.

ಕಂಟೋನ್ಮೆಂಟಿನಲ್ಲಿ ಅವನ ಮನೆ. ಗಾಂಧಿನಗರದ ನಮ್ಮ ಮನೆಗೆ ಬರಬೇಕಾದರೆ ಶೇರ್ ಆಟೋ ಹಿಡಿಯುತ್ತಾನೆ. ಡ್ರೈವರನ ಬೆನ್ನಿಗೆ ಆನಿಸಿಕೊಂಡು ಹಿಂದಕ್ಕೆ ಮುಖ ಮಾಡಿದ ಸೀಟು ಇರುತ್ತದಲ್ಲ, ಅದು ಖಾಲಿ ಇರುವ ಆಟೋ ಬರುವವರೆಗೆ ಬಿಸಿಲಲ್ಲಿ ನಿಂತಿರುತ್ತಾನೆ. ಬಳ್ಳಾರಿಯ ಬಿಸಿಲಲ್ಲಿ! ಕೊನೆಗೊಮ್ಮೆ ಸೀಟು ಸಿಕ್ಕಿತು ಅನ್ನಿ. ಹಿಂದಕ್ಕೆ ನೋಡುವವನಿಗೆ ನಮ್ಮ ಸ್ಟಾಪು ಕಾಣುವುದು ಅದು ದಾಟಿದ ಮೇಲೆಯೇ. ಆಗ "ನಿಂದರ್ಸಲೇ" ಎಂದು ಕೂಗುತ್ತಾನೆ. ಆಟೋದವನು ಮುಂದಿನ ಸರ್ಕಲ್ಲಿನಲ್ಲಿ ನಿಲ್ಲಿಸುತ್ತಾನೆ. ಅಲ್ಲಿಂದ ನಡೆದು ವಾಪಸು ಬರುತ್ತಾನೆ. ಪ್ರತಿ ಸಲವೂ ಬೆವರು ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತು, ಈ ಆಟೋದವರಿಗೆ ಬ್ರೇಕ್ ಹಾಕಲು ಬರುವುದಿಲ್ಲ ಎಂದು ದೂರುತ್ತಾನೆ.

ಸುರಂಗದ ವಿಷಯ ತೆಗೆದರಂತೂ ಮುಗಿಯಿತು. ಸುರಂಗಕ್ಕೆ ಬೇರೆ ಬೋಗಿಯಂತೆ, ಅದೂ ಮುದಿಯದೇ. ಸುತ್ತಲೂ ದೀಪ, ಮೈತುಂಬ ಹೊರಚಾಚಿದ ಮರದ ಕಡ್ಡಿಗಳು. ಸುರಂಗದ ಗೋಡೆ ಎಲ್ಲಿ ಒಳಕ್ಕೆ ಉಬ್ಬಿದೆಯೋ ಅಲ್ಲಿ ಕಡ್ಡಿ ತಾಗಿ ಮಡಚಿಕೊಳ್ಳುತ್ತದೆ, ಆಗ ಸಾಹೇಬರಿಗೆ ಗೊತ್ತಾಗುತ್ತದೆ. ಕ್ಯಾಸಲ್‌ರಾಕ್ ಘಟ್ಟದ ಸುರಂಗಗಳಲ್ಲೆಲ್ಲ ಹೀಗೆ ಓಡಾಡಿದ್ದಾನಂತೆ ನಮ್ಮ ಮಾಮ, ಉಪ್ಪಿಟ್ಟು ತಿರುವುತ್ತ.

ನಾವು ದೊಡ್ಡದೊಂದು ಬೀರು ಕೊಂಡಾಗ ಈ ವಿದ್ಯೆ ನಮ್ಮ ಮನೆಗೂ ಬಂತು. ಬೀರು ಇನ್ನೂ ಅಂಗಡಿಯಲ್ಲೇ ಇತ್ತು. ಮಾಮ ಅದರ ಅಳತೆ ತಂದು, ಕಸಬರಿಗೆ ಕಡ್ಡಿಗಳನ್ನು ಸೊಂಟ, ಭುಜ, ತಲೆಗೆಲ್ಲ ಕಟ್ಟಿಕೊಂಡು ತಾನೇ ಬೀರು ಆದ. ಹೆಬ್ಬಾಗಿಲಲ್ಲಿ ಹಿಂದುಹಿಂದಕ್ಕೆ ನಡೆದು ಒಳಗೆ ಬಂದ. ಒಂದು ಕಡ್ಡಿಯೂ ತಾಗಲಿಲ್ಲ. "ಪಾಸು," ಎಂದು ಅಲ್ಲೇ ಕೂತು ಊಟ ಮಾಡಿದ. ಮರುದಿನ ಬೀರು ಬಂತು. ಹೆಬ್ಬಾಗಿಲು ಸಲೀಸಾಗಿ ದಾಟಿತು. ಒಳಗೆ ಪಡಸಾಲೆಯಿಂದ ಕೋಣೆಗೆ ತಿರುಗುವ ಮೂಲೆಯಲ್ಲಿ ಸಿಕ್ಕಿಕೊಂಡಿತು ನೋಡಿ, ಈ ಕಡೆಯೂ ಇಲ್ಲ ಆ ಕಡೆಯೂ ಇಲ್ಲ.

"ಮಾಮ, ಪಾಸು ಅಂದ್ಯಲ್ಲ?"

"ಸುರಂಗದಾಗ ಯಾರೂ ಹಿಂಗ ಮೂಲಿ ಇಡಂಗಿಲ್ಲ. ನಿನ್ನ ಮನಿ ಕಟ್ಟಿದಾವನ್ನ ಕೇಳು," ಎಂದ.

ಬೀರು ಈಗಲೂ ಪಡಸಾಲೆಯಲ್ಲಿದೆ. ಅದರಲ್ಲಿ ಚಪ್ಪಲಿ ಇಡುತ್ತೇವೆ.

ಮುಂದಕ್ಕೆ ಮುಖ ಮಾಡಿ ಕೂತರೆ ತನಗೆ ವಾಂತಿಯಾಗುತ್ತದೆ ಎಂದು ಮಾಮ ಹೇಳುತ್ತಿದ್ದ. ಸೋಗು ಎಂದೇ ನಾವೆಲ್ಲ ತಿಳಿದಿದ್ದೆವು. ಸಿರುಗುಪ್ಪದಲ್ಲಿ ನಮ್ಮ ಅತ್ತೆಯ, ಅಂದರೆ ಮಾಮನ ಹೆಂಡತಿಯ, ತಂಗಿ ಮಗನ ಮದುವೆ ಇತ್ತು. ಬಳ್ಳಾರಿಯಿಂದ ಗಂಡಿನ ಕಡೆಯವರ ಟೆಂಪೊ ಹೊರಟಿತು. ಮಾಮ ಸೀಟಿನ ಮೇಲೆ ಮಂಡಿಯೂರಿ, ಒರಗುವ ಹಲಗೆಯ ಮೇಲೆ ಗದ್ದ ಇಟ್ಟು ಹಿಂದಕ್ಕೆ ನೋಡತೊಡಗಿದ. ಹಿಂದಿನ ಸೀಟಿನಲ್ಲಿ ಮದುಮಗನ ಸೋದರತ್ತೆ ಕೂತಿದ್ದರು. ಊರು ಬಿಟ್ಟು ಸ್ವಲ್ಪ ಹೊತ್ತಿಗೆ ಅವರಿಗೆ ತಡೆಯಲಿಲ್ಲ.

"ಈ ಮನಶ್ಯಾ ಆವಾಗಿಂದ ನನ್ನ ಮಾರಿನ ನೋಡಾಕ ಹತ್ತ್ಯಾನಲ್ರಿ, ಏನಂತ ಕೇಳ್ರಿ ಯಾರರ."

"ನಿಮ್ಮ ಮಾರಿ ಅಲ್ರಿ, ನಿಮ್ಮ ಹಿಂದಿನ ರಸ್ತಾ ನೋಡಾಕ ಹತ್ತೀನಿ," ಎಂದ ಮಾಮ. ಆಕೆಗೆ ಇನ್ನೂ ಸಿಟ್ಟು ಬಂತು.

ಮರ್ಯಾದೆಯ ಪ್ರಶ್ನೆ. ನಾಲ್ಕು ಜನ ಹಿಡಿದು ಅವನನ್ನು ಮುಂದಕ್ಕೆ ತಿರುಗಿಸಿ ಕೂರಿಸಿದೆವು. ತೆಕ್ಕಲಕೋಟೆ ಬರುವ ಮೊದಲೇ ಅವನ ಮುಖ ಬಿಳಿಚಿತು. ಕೈಗೆ ಮೊದಲು ಸಿಕ್ಕ ಡಬ್ಬಿಯನ್ನು ತೆಗೆದುಕೊಂಡ. ಅದು ನಮ್ಮ ಯಜಮಾನರು ತೊಡೆಯ ಮೇಲೆ ಜೋಪಾನವಾಗಿ ಇಟ್ಟುಕೊಂಡಿದ್ದ ಮದುಮಗನ ಪೇಟದ ಡಬ್ಬಿ. ಸಿರುಗುಪ್ಪದಲ್ಲಿ ಹುಡುಗ ತಲೆಗೆ ಟವೆಲ್ ಸುತ್ತಿಕೊಂಡು ತಾಳಿ ಕಟ್ಟಿದ. ಫೋಟೋ ನೋಡಿದವರೆಲ್ಲ ಈಗಲೂ ಮದುವೆಗೆ ಮುಂಚೆ ಅವನಿಗೆ ತಲೆಗೆ ಏನಾಗಿತ್ತು ಎಂದು ಕೇಳುತ್ತಾರೆ. ಅಂದಿನಿಂದ ಮಾಮನನ್ನು ಯಾರೂ ಮುಂದಕ್ಕೆ ತಿರುಗಿಸಲು ಹೋಗಿಲ್ಲ.

ಇಷ್ಟರಲ್ಲಿ ನಮ್ಮ ಅವ್ವ ಬಿದ್ದಳು. ಕುರುಗೋಡಿನಲ್ಲಿ ಅಣ್ಣನ ಮನೆಯಲ್ಲಿರುವ ಅವಳು ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡಳು. ಬಳ್ಳಾರಿಗೆ ತಂದು ಆಪರೇಷನ್ ಮಾಡಿಸಿ, ನಮ್ಮ ಮನೆಯಲ್ಲಿ ಇರಿಸಿಕೊಂಡೆವು. ಎಲುಬು ನಿಧಾನಕ್ಕೆ ಕೂಡಿಕೊಳ್ಳುತ್ತಿತ್ತು, ಆದರೆ ಹೆದರಿಕೆ ಹೋಗಿರಲಿಲ್ಲ. ಮುರಿದ ಎಲುಬು ಹೊತ್ತುಕೊಂಡು ಕುರುಗೋಡಿನ ರಸ್ತೆಯಲ್ಲಿ ಬಂದಿದ್ದಳಲ್ಲ, ಒಂದೊಂದು ತಗ್ಗಿಗೂ ಅವಳ ಜೀವ ಹೋಗಿ ಬಂದಿತ್ತು. "ನನ್ನ ಮಣ್ಣು ಮಾಡಾಕ ಬೇಕಾದ್ರ ಒಯ್ಯಿರಿ, ಜೀವ ಇರೂತನ ಆ ದಾರಿ ಮ್ಯಾಲೆ ನಾ ಹೋಗಂಗಿಲ್ಲ" ಎಂದುಬಿಟ್ಟಿದ್ದಳು.

ಆದರೆ ಅತ್ತ ಕುರುಗೋಡಿನಲ್ಲಿ ಬಾಣಂತನಕ್ಕೆ ಬಂದಿದ್ದ ಅಣ್ಣನ ಮಗಳಿಗೆ ಹೆಣ್ಣು ಕೂಸು ಹುಟ್ಟಿತು. ಅದಕ್ಕೆ ನಮ್ಮ ಅಜ್ಜಿಯ, ಎಂದರೆ ಅವ್ವನ ತಾಯಿಯ, ಹೆಸರಿಡುವುದೆಂದಾಯಿತು. ನಮ್ಮ ಮನೆತನದ ಎಲ್ಲ ಕೂಸುಗಳ ತೊಟ್ಟಿಲಿಗೂ ಜೋಗುಳ ಹಾಡಿದವಳು ಅವ್ವ. ತನ್ನ ತಾಯಿಯ ಹೆಸರಿನ ಕೂಸಿಗೆ ಬೇರೆ ಯಾರೋ ಹಾಡುತ್ತಾರೆ ಎಂಬುದು ಅವಳಿಗೆ ತಡೆಯಲಾಗದ ಸಂಗತಿ. ಹೋಗಬೇಕು, ಹೋಗಲು ಹೆದರಿಕೆ. ಗೋಡೆಯ ಕಡೆ ತಿರುಗಿ ಅಳುತ್ತಿದ್ದಳು. ಡಾಕ್ಟರು ಹೋಗಬಹುದು ಎಂದರು, ಆದರೆ ಮೈ ಅಲುಗಬಾರದು ಎಂದೂ ಸೇರಿಸಿದರು. ಆ ರಸ್ತೆಯಲ್ಲಿ ಮೈ ಅಲುಗದೆ ಹೋಗುವುದೆಂದರೆ ಹಾರಿಯೇ ಹೋಗಬೇಕು.

ಆಗ ಬಂದ ನೋಡಿ ನಮ್ಮ ಮಾಮ, ಸರ್ಕಲ್ಲಿನಿಂದ ವಾಪಸು ನಡೆದುಕೊಂಡು.

"ಅಕ್ಕಾ, ನೀ ಅಳಬ್ಯಾಡ. ನಾ ಹೋಗಿ ರಸ್ತಾ ಪಾಸು ಮಾಡ್ತೀನಿ," ಎಂದ.

"ಬೀರು ಪಾಸು ಮಾಡಿದಂಗ ಮಾಡಬ್ಯಾಡ," ಎಂದೆ ನಾನು. ಅವನು ನನ್ನ ಕಡೆ ನೋಡಲೂ ಇಲ್ಲ.

ಅತ್ತೆಯನ್ನು ಕೂರಿಸಿ ಸುಣ್ಣದ ಗಂಟು ಕಟ್ಟಿಸಿದ. ಕಾಗದದ ಪೊಟ್ಟಣ ಜೇಬಿನಲ್ಲೇ ಒಡೆಯುತ್ತದೆಂದು ಬಟ್ಟೆಯೇ ಬೇಕೆಂದನಂತೆ. ಅತ್ತೆಯ ಬಳಿ ಇದ್ದದ್ದು ಯಾರೋ ಉಡಿಯಲ್ಲಿ ಹಾಕಿದ್ದ ಕೆಂಪು ಕುಪ್ಪಸದ ಖಣಗಳು. ಅವನ್ನೇ ಹರಿದು ಪುಟ್ಟ ಪುಟ್ಟ ಗಂಟು ಮಾಡಿ, ಅರಿಸಿನ ಹಚ್ಚಿದ ದಾರದಿಂದ ಬಿಗಿದಳು. ಮನೆಯಲ್ಲಿದ್ದ ದಾರ ಅದೊಂದೇ. ಒಂದು ಚೀಲ ಗಂಟು, ಫ್ಲಾಸ್ಕಿನಲ್ಲಿ ಚಹಾ, ಒಂದು ಸ್ಟೀಲ್ ಲೋಟ ಹಿಡಿದು ಮಾಮ ಕುರುಗೋಡು ಬಸ್ಸಿನ ಕೊನೆಯ ಸೀಟಿನಲ್ಲಿ ಹಿಂದಕ್ಕೆ ಮುಖ ಮಾಡಿ ಮಂಡಿಯೂರಿದ. ಒಂದು ಕೈಯಲ್ಲಿ ತುಂಬಿದ ಲೋಟ. ಚಹಾ ಚೆಲ್ಲಿದಲ್ಲೆಲ್ಲ ಇನ್ನೊಂದು ಕೈಯಿಂದ ಕಿಟಕಿಯಾಚೆ ಗಂಟು. ಕಂಡಕ್ಟರ್ ಬಂದ. ಮುಂದಿನದನ್ನು ಮಾಮನೇ ಹೆಮ್ಮೆಯಿಂದ ನಮಗೆ ಹೇಳಿದ್ದು.

"ಯಜಮಾನ್ರ, ಏನದು ಒಗಿಯಾಕ ಹತ್ತೀರಿ?"

"ಸುಣ್ಣ. ಇಲ್ಲಿ ಧಡಕಿ ಐತಿ."

"ಧಡಕಿ ಐತಂತ ಗೊತ್ತಾತಲ್ಲ, ಗಟ್ಟಿ ಹಿಡಕೊಂಡು ಕುಂದರ್ರಿ ಮತ್ತ."

"ನಾ ಸೀಟು ಹಿಡಕೊಂಡ್ರ ಲೋಟ ಯಾರು ಹಿಡಿಬೇಕು? ನೀ ಹಿಡಿತೀ ಏನು?"

ಅಷ್ಟರಲ್ಲಿ ಬಸ್ಸು ಇನ್ನೊಂದು ತಗ್ಗಿಗೆ ಇಳಿಯಿತು. ಲೋಟದ ಚಹಾ ಪೂರ್ತಿ ಕಂಡಕ್ಟರನ ಖಾಕಿಯ ಮೇಲೆ. ಮಾಮನನ್ನು ಕೋಳೂರಿನಲ್ಲಿ ಇಳಿಸಿದರು. ಅವನು ಮುಂದಿನ ಬಸ್ಸಿಗೆ ಕಾದು, ಹೊಸದಾಗಿ ಲೋಟ ತುಂಬಿಕೊಂಡು ಹತ್ತಿದ.

ಮರುದಿನ ಅಣ್ಣನ ಫೋನು. ದನಿ ಸಣ್ಣಗಾಗಿತ್ತು.

"ತಂಗಿ, ಯಾರೋ ದಾರಿಗುಂಟ ಮಾಟ ಮಾಡಿಸ್ಯಾರ. ಕೆಂಪು ಗಂಟು, ಅರಿಸಿನ ದಾರ, ಒಳಗ ಬಿಳಿ ಪುಡಿ. ಜನ ದಾಟಾಕ ಅಂಜಿ ಗಾಡಿ ಸುತ್ತ ಹಾಕಿ ಹೊಂಟಾರ. ಕೆಲವೊಂದರ ಹತ್ರ ನಿಂಬಿಹಣ್ಣೂ ಇಟ್ಟಾರ. ಇಂಥಾ ಹೊತ್ತಿನಾಗ ಅವ್ವನ್ನ ಕರಕೊಂಡು ಬರೂದು ಚಲೋ ಏನು?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಾಮನನ್ನು ಕರೆಸಿ ಬಾಯಿಗೆ ಬಂದಂತೆ ಬೈದೆ. ಅವನು ಪೂರ್ತಿ ಕೇಳಿಸಿಕೊಂಡು, "ಅಂದ್ರ ಯಾರೂ ತುಳಿದಿಲ್ಲ. ಗುರುತು ಹಂಗ ಅದಾವ. ಚಲೋನ ಆತಲ್ಲ," ಎಂದ.

ತೊಟ್ಟಿಲಿನ ದಿನ ಬೆಳಿಗ್ಗೆ ಒಂದು ಆಂಬುಲೆನ್ಸ್ ಗೊತ್ತು ಮಾಡಿದೆವು. ಕೊನೆಗೆ ಜೋಗುಳದ ಆಸೆ ಹೆದರಿಕೆಯನ್ನು ಗೆದ್ದಿತ್ತು. ಯಜಮಾನರು ನಮ್ಮ ಕಾರಿನಲ್ಲಿ ಅತ್ತೆಯನ್ನು ಕೂರಿಸಿಕೊಂಡು ಮುಂದೆ ಹೋದರು. ಸ್ಟ್ರೆಚರ್ ಮೇಲೆ ಅವ್ವ, ಪಕ್ಕದ ಹಲಗೆಯ ಮೇಲೆ ನಾನು. ಆಂಬುಲೆನ್ಸಿನ ಹಿಂಬಾಗಿಲಿಗೆ ಅಗಲವಾದ ಗಾಜು ಇರುತ್ತದಲ್ಲ, ಅದನ್ನು ನೋಡಿದ್ದೇ ಮಾಮನ ಮುಖ ಅರಳಿತು. ತನ್ನ ಹಳೆಯ ಬೋಗಿಯೇ ಮರಳಿ ಸಿಕ್ಕಿತು ಎನ್ನುವವನಂತೆ ಗಾಜಿನೆದುರು ಕೂತು ಲೋಟಕ್ಕೆ ಚಹಾ ಸುರಿದುಕೊಂಡ.

ಡ್ರೈವರ್ ಆಂಧ್ರದ ಆಲೂರು ಕಡೆಯ ತೆಲುಗಿನವನು. ಊರು ದಾಟುವವರೆಗೆ ಚೆನ್ನಾಗಿಯೇ ಓಡಿಸಿದ. ಮೊದಲ ಕೆಂಪು ಗಂಟು ಕಂಡದ್ದೇ ತಡ, "ಅಮ್ಮೋ, ಚೇತಬಡಿ! ಮಾಟ!" ಎಂದು ಬ್ರೇಕ್ ಒತ್ತಿದ. ಗಾಡಿ ಜಗ್ಗಿ ನಿಂತು, ಪಕ್ಕಕ್ಕೆ ಹೊರಳಿ, ರಸ್ತೆಯ ಅಂಚಿನ ಮಣ್ಣಿಗೆ ಇಳಿದು, ಕುಲುಕುತ್ತ ಮತ್ತೆ ಮೇಲೇರಿತು. ಅವ್ವ ಚೀರಿದಳು. ತಗ್ಗಿನಲ್ಲೇ ಇಳಿಸಿದ್ದರೆ ಇದರ ಅರ್ಧ ನೋವೂ ಆಗುತ್ತಿರಲಿಲ್ಲ. ಎರಡನೆಯ ಗಂಟಿಗೂ ಅದೇ ಕಥೆ.

"ಮಾಟ ದಾಟಂಗಿಲ್ಲ ಮೇಡಂ ನಾನು. ನನಗ ಸಣ್ಣ ಸಣ್ಣ ಮಕ್ಕಳದಾವು," ಎಂದ ಡ್ರೈವರ್.

"ಲೇ ತಮ್ಮಾ, ಅದು ಮಾಟ ಅಲ್ಲ. ನಾನ ಒಗದಿದ್ದು," ಎಂದ ಮಾಮ ಹಿಂದಿನಿಂದ.

ಡ್ರೈವರ್ ಗಾಡಿ ನಿಲ್ಲಿಸಿ ಮಾಮನನ್ನು ಕನ್ನಡಿಯಲ್ಲಿ ನೋಡಿದ. ಕೆಂಪು ಗಂಟು ಒಗೆದವನು ತನ್ನ ಗಾಡಿಯಲ್ಲೇ ಕೂತಿದ್ದಾನೆ ಎಂದು ತಿಳಿದ ಮೇಲೆ ಸ್ಟೀರಿಂಗ್ ಬಿಟ್ಟು ಎರಡೂ ಕೈ ಮುಗಿದ. ನೋಡಿದಿರಾ ನಮ್ಮ ಮಾಮನ ರಸ್ತೆ ಪಾಸು ಮಾಡಿದ ಪರಿ? ನಾನು ಹಲ್ಲು ಕಡಿದು ಅವನ ಕಡೆ ತಿರುಗಿದೆ. ಇದ್ದ ಸಿಟ್ಟನ್ನೆಲ್ಲ ಅವನ ಮೇಲೆ ಸುರಿಯಬೇಕೆಂದಿದ್ದೆ.

ಅವನು ನನ್ನನ್ನು ನೋಡುತ್ತಿರಲಿಲ್ಲ. ಅವ್ವನನ್ನು ನೋಡುತ್ತಿದ್ದ. ಅವಳು ಕಣ್ಣು ಮುಚ್ಚಿ ತುಟಿ ಕಚ್ಚಿದ್ದಳು, ಕಿವಿಯ ಕಡೆಗೆ ನೀರು ಇಳಿದಿತ್ತು. ಮಾಮ ಲೋಟದ ಚಹಾವನ್ನು ಬಾಗಿಲಾಚೆ ಚೆಲ್ಲಿದ. ಚೀಲದಲ್ಲಿದ್ದ ಪ್ಲಾಸ್ಟಿಕ್ ಕವರು ತೆಗೆದುಕೊಂಡ. ನನ್ನ ಮುಂದಿನಿಂದ ಅಂಬೆಗಾಲಲ್ಲಿ ಬಂದು, ಡ್ರೈವರನ ಸೀಟಿನ ಹಿಂದೆ, ಅವ್ವನ ತಲೆಯ ಪಕ್ಕದಲ್ಲಿ ಕೂತ. ಮುಂದಕ್ಕೆ ಮುಖ ಮಾಡಿ ಕೂತ.

"ನಿಧಾನ ನಡಿ ತಮ್ಮಾ. ಗಂಟಿನ ಮ್ಯಾಲೆ ಹಾಯಿಸು. ಏನರ ಆದ್ರ ನನಗ ಆಗ್ಲಿ," ಎಂದು ಡ್ರೈವರನ ಹೆಗಲು ತಟ್ಟಿದ. ಆಮೇಲೆ ಅವ್ವನ ಕೈ ಹಿಡಿದುಕೊಂಡ. "ಅಕ್ಕಾ, ಈಗ ಒಂದು ಬರ್ತತಿ. ಎಡಕ್ಕ ವಾಲ್ತತಿ. ಕೈ ಒತ್ತಿ ಹಿಡಿ. ಬಂತು... ಆತು, ಹೋತು ಅದು."

ಅವ್ವ ಈ ಸಲ ಚೀರಲಿಲ್ಲ.

"ಮುಂದ ಸ್ವಲ್ಪ ದೂರ ಏನಿಲ್ಲ, ಉಸಿರು ಬಿಡು. ಅಗೋ, ಸಣ್ಣದೊಂದು ಬಂತು. ಆತು." ಹೀಗೇ ಹೇಳುತ್ತ ಹೋದ. ಕೋಳೂರು ದಾಟುವಷ್ಟರಲ್ಲಿ ಅವನ ಮುಖ ಬಿಳಿಚಿತು. ಕವರಿನಲ್ಲಿ ವಾಂತಿ ಮಾಡಿದ, ಹೆಗಲ ಟವೆಲ್ಲಿನಿಂದ ಬಾಯಿ ಒರೆಸಿಕೊಂಡ, "ದೊಡ್ಡದೊಂದು ಬರ್ತತಿ ಅಕ್ಕಾ" ಎಂದ. ಆ ತಗ್ಗು ದಾಟಿದ ಮೇಲೆ ಮತ್ತೆ ವಾಂತಿ ಮಾಡಿದ.

"ಮಾಮ, ನೀ ಹಿಂದಕ ತಿರುಗು. ನಾ ಹೇಳ್ತೀನಿ," ಎಂದೆ.

"ಸುಮ್ಮ ಕುಂದ್ರು. ಧಡಕಿ ಅಂದ್ರ ನಿನಗೇನು ಗೊತ್ತು?" ಎಂದ. ಆ ಸ್ಥಿತಿಯಲ್ಲೂ ಕೊಬ್ಬು ಇಳಿದಿರಲಿಲ್ಲ.

ಕುರುಗೋಡಿನಲ್ಲಿ ತೊಟ್ಟಿಲ ಪಕ್ಕವೇ ಮಂಚ ಹಾಕಿಸಿ ಅವ್ವನನ್ನು ಮಲಗಿಸಿದರು. ಮಲಗಿಕೊಂಡೇ ಒಂದು ಕೈಯಿಂದ ತೊಟ್ಟಿಲ ಹಗ್ಗ ಹಿಡಿದು, ತನ್ನ ತಾಯಿಯ ಹೆಸರು ಕರೆದು ಹಾಡಿದಳು. ದನಿ ಅಲ್ಲಲ್ಲಿ ಒಡೆಯಿತು, ಹಾಡು ಪೂರ್ತಿಯಾಯಿತು. ಮಾಮ ಹೊರಗೆ ಕಟ್ಟೆಯ ಮೇಲೆ ನಿಂಬೆಹಣ್ಣು ಮೂಸುತ್ತ ಬಿದ್ದುಕೊಂಡಿದ್ದ. ಆ ನಿಂಬೆಹಣ್ಣು ದಾರಿಯಲ್ಲಿ ಇಟ್ಟಿದ್ದವುಗಳಲ್ಲಿ ಒಂದಿರಬೇಕೆಂದು ನನಗೆ ಈಗಲೂ ಅನುಮಾನ. ಹಾಡು ಮುಗಿದ ಮೇಲೆ ಅವ್ವ ಅವನನ್ನು ಒಳಗೆ ಕರೆಸಿ, ಸೆರಗಿನಿಂದ ಅವನ ಮುಖ ಒರೆಸಿದಳು.

"ಮುಂದಕ ನೋಡಿದ್ರ ನಿನಗ ಆಗಂಗಿಲ್ಲಲೇ," ಎಂದಳು.

"ಕುರುಗೋಡು ಬರೂದು ನೋಡಿದೆ ಅಕ್ಕಾ," ಎಂದ ಮಾಮ. "ಗುಡ್ಡ ಮೊದಲ ಸಣ್ಣದಿತ್ತು. ಆಮ್ಯಾಲೆ ದೊಡ್ಡದಾತು."

ಸಂಜೆ ನಮ್ಮ ಕಾರಿನಲ್ಲಿ ಬಳ್ಳಾರಿಗೆ ಹೊರಟೆವು. ಅವ್ವ ಇನ್ನು ಅಣ್ಣನ ಮನೆಯಲ್ಲೇ ಇರುವವಳು. ನಾವು ಹೋಗುವುದನ್ನು ನೋಡಬೇಕೆಂದು ಮಂಚವನ್ನು ಬಾಗಿಲಿಗೆ ತರಿಸಿಕೊಂಡಿದ್ದಳು. ಮುಂದೆ ಯಜಮಾನರು, ಅವರ ಪಕ್ಕದಲ್ಲಿ ಅತ್ತೆ. ಹಿಂದಿನ ಸೀಟಿನಲ್ಲಿ ನಾನು ಮತ್ತು ಮಾಮ. ಮಾಮ ಯಥಾಪ್ರಕಾರ ಮಂಡಿಯೂರಿ ಹಿಂದಕ್ಕೆ ತಿರುಗಿದ. ಮುಗಿಯಿತು, ಮತ್ತೆ ಶುರುವಾಯಿತು ಇವನದು ಎಂದುಕೊಂಡೆ. ಕಾರು ಹೊರಟಿತು.

"ಕೈ ಮಾಡಾಕ ಹತ್ತ್ಯಾಳ," ಎಂದ ಮಾಮ.

ನಾವು ಮೂವರೂ ಮುಂದಕ್ಕೆ ನೋಡುತ್ತ ಕೂತಿದ್ದೆವು. ಎದುರಿಗೆ ರಸ್ತೆ, ಒಂದು ಟ್ರ್ಯಾಕ್ಟರ್, ಅದರ ಧೂಳು.

"ಇನ್ನೂ ಮಾಡಾಕ ಹತ್ತ್ಯಾಳ... ಕೈ ಸೋತಿತು ಕಾಣ್ತತಿ, ಇನ್ನೊಂದು ಕೈ ಎತ್ತಿದಳು... ಈಗ ಸಣ್ಣಕ ಕಾಣ್ತಾಳ."

ಈ ಊರಿನಿಂದ ನಾನು ಎಷ್ಟೋ ಸಲ ಹೊರಟಿದ್ದೇನೆ. ಪ್ರತಿ ಸಲವೂ ಅವ್ವ ಬಾಗಿಲಲ್ಲಿ ನಿಂತಿರುತ್ತಾಳೆ ಎಂದು ಗೊತ್ತು. ಎಷ್ಟು ಹೊತ್ತು ನಿಂತಿರುತ್ತಾಳೆ ಎಂದು ಗೊತ್ತಿರಲಿಲ್ಲ. ಚಪ್ಪಲಿ ಬಿಟ್ಟು, ಸೀಟಿನ ಮೇಲೆ ಮಂಡಿಯೂರಿ, ಮಾಮನ ಪಕ್ಕದಲ್ಲಿ ನಾನೂ ಹಿಂದಕ್ಕೆ ತಿರುಗಿ ಕೂತೆ. ಅವನು ಸ್ವಲ್ಪ ಸರಿದು ಜಾಗ ಬಿಟ್ಟ.

ಅವ್ವ ಇನ್ನೂ ಕೈ ಬೀಸುತ್ತಿದ್ದಳು.